ಕಫೆ ಲೀನಾ: ಮೆಟ್ಟಿಲ ಮೇಲೆ ದುಡ್ಡು ತಗೊಂಡವರು ಯಾರು?

ಹಳೇ_ಸ್ವೆಟರ್
ನ್ಯೂಯಾರ್ಕ್ ರಾಜ್ಯದ ಸಾರಾಟೋಗಾ ಸ್ಪ್ರಿಂಗ್ಸ್‌ನಲ್ಲಿರೋ ಫೋಕ್ ಸಂಗೀತದ ಕಾಫಿಹೌಸ್ ಕಫೆ ಲೀನಾಗೆ ಹೋದವರು ಇಲ್ಲಿ ಯಾರಾದ್ರೂ ಇದ್ದೀರಾ? ನನಗೂ ನನ್ನ ಹೆಂಡತಿಗೂ ಒಂದು ವಾರದಿಂದ ಜಗಳ ನಡೀತಿದೆ. ತೀರ್ಪು ಬೇಕು.

ನಾನು 1989ರ ಆಗಸ್ಟ್‌ನಲ್ಲಿ ಎಂ.ಎಸ್. ಓದೋಕೆ ತುಮಕೂರಿನಿಂದ ಅದೇ ರಾಜ್ಯದ ಟ್ರಾಯ್‌ಗೆ ಬಂದೆ. ಎರಡು ಸೂಟ್‌ಕೇಸ್, ಅದರಲ್ಲಿ ಒಂದರ ಅರ್ಧ ಬರೀ ಸಾರಿನಪುಡಿ, ಚಟ್ನಿಪುಡಿ. ಮೊದಲ ಚಳಿಗಾಲದಲ್ಲಿ ನನ್ನ ರೂಮ್‌ಮೇಟ್, ಪುತ್ತೂರಿನ ಕಡೆಯವನು, ಯಾರದ್ದೋ ಹಳೇ ಕಾರು ಕೇಳಿ ತಂದು "ಬಾ ಮಾರಾಯ, ಒಂದು ಕಡೆ ಹೋಗಿ ಬರುವ" ಅಂದ. ಹೀಟರ್ ಸರಿ ಇರಲಿಲ್ಲ. ನಾರ್ತ್‌ವೇ ಹೆದ್ದಾರಿ ಹಿಡಿದು ಮುಕ್ಕಾಲು ಗಂಟೆ ಹಲ್ಲು ಕಟಕಟ ಅನ್ನಿಸುತ್ತಾ ಹೋದೆವು. ಹೊರಗೆ ಹಿಮ. ಫೈಲಾ ಸ್ಟ್ರೀಟ್‌ನಲ್ಲಿ ಒಂದು ಹಳೇ ಕಟ್ಟಡ, ಕಡಿದಾದ ಮರದ ಮೆಟ್ಟಿಲು. ಮೆಟ್ಟಿಲು ಮುಗಿಯೋ ಕಡೆ ಒಂದು ಮೇಜು, ಅಲ್ಲಿ ಒಬ್ಬ ಹೆಂಗಸು ಕೂತು ದುಡ್ಡು ತಗೊಂಡು ಒಳಗೆ ಬಿಟ್ಟರು. ಒಳಗೆ ಪುಟ್ಟ ಕೋಣೆ. ಒಬ್ಬರ ಮೊಣಕೈ ಇನ್ನೊಬ್ಬರ ಕಪ್ಪಿಗೆ ತಾಗುವಷ್ಟು ಹತ್ತಿರ ಹತ್ತಿರ ಮೇಜುಗಳು. ಒಬ್ಬ ಬ್ಯಾಂಜೋ ಹಿಡಿದು ಹಾಡಿದ. ಒಂದು ಪಿಸುಮಾತಿಲ್ಲ, ಚಮಚದ ಸದ್ದಿಲ್ಲ. ಊರು ಬಿಟ್ಟ ಮೇಲೆ ಮೊದಲ ಸಲ ನನಗೆ ಒಂಟಿ ಅನ್ನಿಸದೇ ಇದ್ದ ಸಂಜೆ ಅದು. ಕಾಫಿಯಂತೂ, ಅಂಥ ಕಾಫಿ ಆಮೇಲೆ ಎಲ್ಲೂ ಕುಡಿದಿಲ್ಲ.

ಆ ಹೆಂಗಸು ಕಫೆ ನಡೆಸುತ್ತಿದ್ದ ಲೀನಾ ಸ್ಪೆನ್ಸರ್ ಅನ್ನೋದು ನನ್ನ ವಾದ. 36 ವರ್ಷದಿಂದ ಎಲ್ಲರಿಗೂ ಹಾಗೇ ಹೇಳಿಕೊಂಡು ಬಂದಿದ್ದೀನಿ. ನನ್ನ ಹೆಂಡತಿ "ನೀವು ಇಂಟರ್ನೆಟ್‌ನಲ್ಲಿ ಫೋಟೋ ನೋಡಿ ಸೇರಿಸಿಕೊಂಡಿದ್ದೀರಿ" ಅಂತಾಳೆ. ಯಾರಾದ್ರೂ ನನ್ನ ಕಡೆ ಸಾಕ್ಷಿ ಹೇಳಿ.

ಫಿಲ್ಟರ್_ರಾಮಣ್ಣ
1989ರಲ್ಲಿ ಅಮೆರಿಕದಲ್ಲಿ ಒಳ್ಳೇ ಕಾಫಿ? ಲೀನಾ ವಿಷಯ ಆಮೇಲೆ. ಮೊದಲು ಇದನ್ನು ನಂಬೋಕೆ ಆಗ್ತಿಲ್ಲ.

ಬಾಸ್ಟನ್_ಬಸವ
ಸಾರ್, ನೀವು ಬೇರೆ ಯಾವುದೋ ಜಾಗ ಹೇಳ್ತಿದ್ದೀರಿ ಅನ್ಸುತ್ತೆ. ಫೋಕ್ ಸಂಗೀತದ ಪ್ರಸಿದ್ಧ ಕಾಫಿಹೌಸ್ ಇರೋದು ಬಾಸ್ಟನ್ ಪಕ್ಕದ ಕೇಂಬ್ರಿಜ್‌ನಲ್ಲಿ, ಹಾರ್ವರ್ಡ್ ಸ್ಕ್ವೇರ್ ಪಕ್ಕ. ಕ್ಲಬ್ 47. ಗಾಯಕಿ ಜೋನ್ ಬಯೆಜ್ ಹಾಡೋಕೆ ಶುರು ಮಾಡಿದ್ದೇ ಅಲ್ಲಿ. ನಾನು ಹತ್ತು ಸಲ ಹೋಗಿದ್ದೀನಿ. ಮೆಟ್ಟಿಲು ಹತ್ತೋದಲ್ಲ, ಇಳಿಯೋದು. ನೆಲಮಾಳಿಗೆ ಅದು.

ಹಳೇ_ಸ್ವೆಟರ್
ಬಸವ ಅವರೇ, ನನಗೆ ವಯಸ್ಸಾಗಿದೆ, ಒಪ್ಪಿದೆ. ಆದ್ರೆ ಹತ್ತಿದ್ದಕ್ಕೂ ಇಳಿದಿದ್ದಕ್ಕೂ ವ್ಯತ್ಯಾಸ ಗೊತ್ತಾಗದಷ್ಟು ಆಗಿಲ್ಲ.

ಲೆಕ್ಕದ_ಪುಟ್ಟಿ
ಇಬ್ಬರೂ ಸರಿ, ಎರಡೂ ಬೇರೆ ಬೇರೆ ಜಾಗ. ಗೊಂದಲ ಆಗೋಕೆ ಕಾರಣ ಆ 47. ಕೇಂಬ್ರಿಜ್‌ನ ಕ್ಲಬ್ ಶುರುವಾಗಿದ್ದು 1958ರಲ್ಲಿ, 47 ಮೌಂಟ್ ಆಬರ್ನ್ ಸ್ಟ್ರೀಟ್. ಹೆಸರು ಬಂದಿದ್ದೇ ಮನೆ ನಂಬರಿನಿಂದ. 1963ರಲ್ಲಿ ಪಾಮರ್ ಸ್ಟ್ರೀಟ್‌ಗೆ ಹೋದಾಗಲೂ ನಂಬರು 47. 1968ರಲ್ಲಿ ಮುಚ್ಚಿತು. ಆಮೇಲೆ ಅದೇ ನೆಲಮಾಳಿಗೆಯಲ್ಲಿ ಪ್ಯಾಸಿಮ್ ಅಂತ ಬಂತು, ಈಗಲೂ ಇದೆ.

ಕಫೆ ಲೀನಾ ಶುರುವಾಗಿದ್ದು 1960ರ ಮೇನಲ್ಲಿ. ವಿಳಾಸ 47 ಫೈಲಾ ಸ್ಟ್ರೀಟ್. ಮೂರೂ 47! ಇದರಲ್ಲಿ ಏನೋ ಗೂಢಾರ್ಥ ಇದೆ ಅಂತ ಹುಡುಕಬೇಡಿ, ಕಾಕತಾಳೀಯ ಅಷ್ಟೇ.

ಬಾಸ್ಟನ್_ಬಸವ
ಸರಿ ಸರಿ, ಕ್ಷಮಿಸಿ. ಆದ್ರೆ ಕ್ಲಬ್ 47ರ ಬಗ್ಗೆ ಒಂದು ಮಾತು ಹೇಳಿಬಿಡ್ತೀನಿ. ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿದ್ದ ಇಬ್ಬರು ಹುಡುಗಿಯರು ಜಾಝ್‌ಗೋಸ್ಕರ ತೆರೆದ ಜಾಗ ಅದು. ಫೋಕ್ ಆಮೇಲೆ ಬಂತು. ಬಯೆಜ್‌ಗೆ ಆಗ ಹದಿನೇಳೋ ಏನೋ. ಮೊದಲ ಸಲ ಹಾಡಿದಾಗ ಕೇಳೋಕೆ ಇದ್ದವರು ಹತ್ತು ಜನರೂ ಇಲ್ಲ, ಅದರಲ್ಲಿ ಮನೆಯವರೂ ಸೇರಿ. ನಮ್ಮೂರಲ್ಲಿ ಗಣಪತಿ ಕೂರಿಸಿದಾಗ ಮಗು ಹಾಡಿದ್ರೂ ಇದಕ್ಕಿಂತ ಜಾಸ್ತಿ ಜನ ಇರ್ತಾರೆ.

ಪದ್ಮಕ್ಕ_ಸ್ಕೆನೆಕ್ಟಡಿ
ಅಯ್ಯೋ, ಇದನ್ನು ಈಗ ನೋಡಿದೆ. ನಾನು ಲೀನಾನ ನೋಡಿದ್ದೀನಿ. ಕಣ್ಣಾರೆ.

ನಾವು 1986ರಲ್ಲಿ ಇಲ್ಲಿಗೆ, ಸಾರಾಟೋಗಾ ಹತ್ತಿರದ ಸ್ಕೆನೆಕ್ಟಡಿಗೆ, ಬಂದವರು. ಆಗ ಕನ್ನಡದವರು ಬೆರಳೆಣಿಕೆ. ನಮ್ಮ ಎದುರು ಮನೆಯಲ್ಲಿ ಒಬ್ಬ ಟೀಚರಮ್ಮ ಇದ್ದರು, ಅಮೆರಿಕದವರು. ನಾನು ದಿನವಿಡೀ ಕಿಟಕಿಯಲ್ಲಿ ನಿಂತಿರೋದು ನೋಡಿ ಪಾಪ ಅನ್ನಿಸಿರಬೇಕು, ಒಂದು ದಿನ ಎಳೆದುಕೊಂಡು ಹೋದರು. ಆಗ ನಾನು ಏಳು ತಿಂಗಳ ಬಸುರಿ. ಆ ಮೆಟ್ಟಿಲು ನೆನಪಿಸಿಕೊಂಡರೆ ಈಗಲೂ ಮಂಡಿ ನೋಯುತ್ತೆ. ಮೇಲೆ ಮೇಜಿನ ಹತ್ತಿರ ಲೀನಾ ಇದ್ದರು. ಟೀಚರಮ್ಮ ನನ್ನ ಪರಿಚಯ ಮಾಡಿಸಿದರು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಸುಮ್ನೆ ನಕ್ಕೆ. ಯಾರೋ ಬಂದು ಗೋಡೆ ಪಕ್ಕ ಒರಗಿ ಕೂರೋಕೆ ಆಗೋ ಕುರ್ಚಿ ಕೊಟ್ಟರು. ಹಾಡು ಒಂದಕ್ಷರ ಅರ್ಥ ಆಗಲಿಲ್ಲ. ಮಗು ಮಾತ್ರ ಹೊಟ್ಟೆಯೊಳಗೆ ತಾಳಕ್ಕೆ ಸರಿಯಾಗಿ ಒದೀತಿತ್ತು. ಈಗ ಅವನಿಗೆ 37, ಡ್ರಮ್ಸ್ ಬಾರಿಸ್ತಾನೆ. ಅವನಿಗೆ ಸಂಗೀತ ಎಲ್ಲಿಂದ ಬಂತು ಅಂತ ನಮ್ಮತ್ತೆ ಕೇಳ್ತಿದ್ದರು. ನಾನು ಹೇಳಲಿಲ್ಲ.

ಇಟಲಿ ಮೂಲದವರು ಆಕೆ. ಅಲ್ಲಿ ಮದ್ಯ ಇರಲಿಲ್ಲ. ಬರೀ ಕಾಫಿ, ಟೀ, ಬೇಕ್ ಮಾಡಿದ ತಿಂಡಿ. ಅದಕ್ಕೇ ನಮ್ಮಂಥವರು ಧೈರ್ಯವಾಗಿ ಹೋಗೋಕಾಗಿದ್ದು. ನಮ್ಮ ಮನೆಯವರೂ ಅದೊಂದೇ ಕಾರಣಕ್ಕೆ ಬೇಡ ಅನ್ನಲಿಲ್ಲ.

ಮಲ್ಲೇಶ್ವರದ_ಮೊಮ್ಮಗ
ಪದ್ಮಕ್ಕ, ಸೂಪರ್ ಕಥೆ. ಲೀನಾ ಯಾಕೆ ಆ ಊರಿಗೆ ಬಂದರು? ಸಾರಾಟೋಗಾ ಅಂದ್ರೆ ಕುದುರೆ ರೇಸಿನ ಊರಲ್ವಾ?

ಪದ್ಮಕ್ಕ_ಸ್ಕೆನೆಕ್ಟಡಿ
ಹೌದಪ್ಪ, ರೇಸು ಶುರುವಾಗಿದ್ದು 1863ರಲ್ಲಿ. ಜೊತೆಗೆ ಭೂಮಿಯಿಂದ ಉಕ್ಕೋ ಖನಿಜದ ನೀರು. ಒಂದು ಸಲ ಕುಡಿದೆ, ತುಕ್ಕು ಹಿಡಿದ ನಲ್ಲಿ ನೆಕ್ಕಿದ ಹಾಗಿತ್ತು. ಬೇಸಿಗೆಯಲ್ಲಿ ಊರು ತುಂಬ ಜನ, ಚಳಿಗಾಲದಲ್ಲಿ ನಾಯಿ ಕೂಡ ಓಡಾಡಲ್ಲ.

ಲೀನಾ ಮತ್ತು ಆಕೆಯ ಗಂಡ ಬಿಲ್ ಬಾಸ್ಟನ್ ಕಡೆಯಿಂದ ಬಂದರು. ಗಂಡ ಕಲಾವಿದ. ಒಂದೆರಡು ವರ್ಷ ಕಾಫಿಹೌಸ್ ನಡೆಸಿ, ನಾಲ್ಕು ಕಾಸು ಮಾಡಿಕೊಂಡು, ಯುರೋಪಿಗೆ ಹೋಗಿ ಇರೋಣ ಅನ್ನೋದು ಲೆಕ್ಕ. ಹಳೇ ಮರಗೆಲಸದ ಅಂಗಡಿ ಇತ್ತಂತೆ, ಅದನ್ನು ಒಡೆದು ತಾವೇ ಕಟ್ಟಿಕೊಂಡರು. ಎರಡು ವರ್ಷ ಆಗೋ ಹೊತ್ತಿಗೆ ಗಂಡ ಇಲ್ಲಿನ ಕಾಲೇಜು ಹುಡುಗಿಯೊಬ್ಬಳ ಜೊತೆ ಹೊರಟು ಹೋದ. ಯುರೋಪೂ ಹೋಯ್ತು, ಗಂಡನೂ ಹೋದ. ಆಕೆ ಅಲ್ಲೇ ಉಳಿದರು, 29 ವರ್ಷ. ಬಾಡಿಗೆಗೆ ದುಡ್ಡಿಲ್ಲದ ತಿಂಗಳುಗಳೇ ಜಾಸ್ತಿ. ಹಾಡೋಕೆ ಬಂದವರಿಗೆ ಊಟ ಹಾಕೋರು, ಮಲಗೋಕೆ ಜಾಗ ಕೊಡೋರು. ನನಗೆ ಇದನ್ನೆಲ್ಲ ಹೇಳಿದ್ದು ಆ ಟೀಚರಮ್ಮ.

ಧಾರವಾಡ_ಫೇಡೆ
ಗಂಡ ಓಡಿ ಹೋದ ಮ್ಯಾಲೆ ಕಾಫಿ ಅಂಗಡಿ ಉಳಿಸಿಕೊಂಡಾಕಿ ನಮ್ಮ ಓಣ್ಯಾಗೂ ಒಬ್ಬಾಕಿ ಇದ್ದಳ್ರಿ. ಹಾಡು ಇರಲಿಲ್ಲ, ಮಿರ್ಚಿ ಭಜಿ ಇತ್ತು.

ರಾತ್ರಿಪಾಳಿ
ಬಾಬ್ ಡೈಲನ್ ಅಲ್ಲಿ ಹಾಡಿದಾರೆ, 1961ರಲ್ಲಿ. ಆಗ ಯಾರಿಗೂ ಆತ ಯಾರು ಅಂತ ಗೊತ್ತಿಲ್ಲ. ಜನ ಕೇಳದೇ ಗಲಾಟೆ ಮಾಡ್ತಿದ್ರಂತೆ. ಬಿಲ್ ಸ್ಪೆನ್ಸರ್ ವೇದಿಕೆ ಮೇಲೆ ಹೋಗಿ, ಬಾಯಿ ಮುಚ್ಚಿಕೊಂಡು ಕೇಳಿ ಅಂತ ಗದರಿದರಂತೆ. ಆ ರಾತ್ರಿ ಮಾತಾಡಿಕೊಂಡು ಕೂತಿದ್ದವರೆಲ್ಲ ಆಮೇಲೆ ಮೊಮ್ಮಕ್ಕಳಿಗೆ "ನಾನು ಡೈಲನ್ ಕೇಳಿದ್ದೆ" ಅಂತ ಕೊಚ್ಚಿಕೊಂಡಿರ್ತಾರೆ, ಗ್ಯಾರಂಟಿ.

ಬಾಸ್ಟನ್_ಬಸವ
ಡೈಲನ್ ಕ್ಲಬ್ 47ರಲ್ಲೂ ಹಾಡಿದ್ದಾರೆ. ಅವರಿಗೆ ಅಲ್ಲಿ ಕಾರ್ಯಕ್ರಮ ಸಿಕ್ಕಿರಲಿಲ್ಲ. ಬೇರೆಯವರು ಹಾಡಿ ಬಿಡುವು ತಗೊಳ್ಳೋ ಹೊತ್ತಲ್ಲಿ ಬಿಟ್ಟಿ ಹಾಡಿದ್ದು, ಅಲ್ಲಿ ಹಾಡಿದ್ದೀನಿ ಅಂತ ಹೇಳಿಕೊಳ್ಳೋಕೆ.

ಗಾಂಧಿಬಜಾರ್_ಗುಂಡ
"ಅಮೆರಿಕನ್ ಪೈ" ಹಾಡನ್ನು ಗಾಯಕ ಡಾನ್ ಮೆಕ್‌ಲೀನ್ ಬರೆದಿದ್ದು ಕಫೆ ಲೀನಾದಲ್ಲೇ ಅಲ್ವಾ? ಕಾಗದದ ಕರವಸ್ತ್ರದ ಮೇಲೆ ಬರೆದರು ಅಂತ ಎಲ್ಲೋ ಓದಿದ್ದೆ.

ಲೆಕ್ಕದ_ಪುಟ್ಟಿ
ಇಲ್ಲ. ಈ ಕಥೆ ಸಾಯೋದೇ ಇಲ್ಲ. ಮೆಕ್‌ಲೀನ್ ಕಫೆ ಲೀನಾದಲ್ಲಿ ಹಾಡ್ತಿದ್ದದ್ದು ನಿಜ, ಲೀನಾ ಅವರಿಗೆ ತುಂಬ ಸಹಾಯ ಮಾಡಿದ್ದೂ ನಿಜ. ಅಲ್ಲೇ ಹತ್ತಿರ ಟಿನ್ ಅಂಡ್ ಲಿಂಟ್ ಅಂತ ಒಂದು ಬಾರ್ ಇದೆ. ಅಲ್ಲಿ ಒಂದು ಮೇಜಿಗೆ ಫಲಕ ಬೇರೆ ಹೊಡೆದಿದ್ದಾರೆ, ಹಾಡು ಇಲ್ಲೇ ಹುಟ್ಟಿತು ಅಂತ. ಮೆಕ್‌ಲೀನ್ ಸ್ವತಃ 2011ರಲ್ಲಿ ಇದನ್ನು ಅಲ್ಲಗಳೆದರು. ಬರೆದಿದ್ದು ಕೋಲ್ಡ್ ಸ್ಪ್ರಿಂಗ್ ಮತ್ತು ಫಿಲಡೆಲ್ಫಿಯಾದಲ್ಲಿ ಅಂದರು.

ಗಾಂಧಿಬಜಾರ್_ಗುಂಡ
ಬರೆದವರೇ ಇಲ್ಲ ಅಂದ ಮೇಲೂ ಫಲಕ ಇದೆಯಾ?

ಲೆಕ್ಕದ_ಪುಟ್ಟಿ
ಫಲಕ ಹಾಡು ಬರೆದವರಿಗಲ್ಲ, ಬಿಯರ್ ಕುಡಿಯೋರಿಗೆ.

ಕಂಸಾಳೆ_ಕೊಳ್ಳೇಗಾಲ
ಒಂದು ಪ್ರಶ್ನೆ ಕೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ಇದಕ್ಕೆಲ್ಲ ಫೋಕ್ ಅಂತ ಯಾಕೆ ಅಂತೀರಿ? ಗಿಟಾರ್ ಹಿಡಿದು ತನ್ನದೇ ಪ್ರೇಮಭಂಗದ ಬಗ್ಗೆ ತಾನೇ ಬರೆದು ಹಾಡೋದು ಜಾನಪದ ಹೇಗಾಗುತ್ತೆ? ನಮ್ಮ ಕಡೆ ಮಾದಪ್ಪನ ಕಥೆ ಹಾಡೋರು, ಮಂಟೇಸ್ವಾಮಿ ಕಥೆ ಹಾಡೋ ನೀಲಗಾರರು ಇದ್ದಾರೆ. ರಾತ್ರಿ ಊಟ ಆದ ಮೇಲೆ ತಂಬೂರಿ ಹಿಡಿದು ಕೂತರೆ ಬೆಳಗಾಗುತ್ತೆ, ಕಥೆ ಮುಗಿಯಲ್ಲ. ನಮ್ಮ ತಾತನಿಗೆ ಎಷ್ಟು ಸಾಲು ಬಾಯಲ್ಲಿತ್ತು ಅಂತ ಅವರಿಗೇ ಗೊತ್ತಿರಲಿಲ್ಲ. ಅದು ಜಾನಪದ. ಇದು ನಗರದ ಹುಡುಗರ ಶೋಕಿ.

ಮಲ್ಲೇಶ್ವರದ_ಮೊಮ್ಮಗ
ಅಷ್ಟು ಖಾರ ಬೇಡ ಅಣ್ಣ. ಅಲ್ಲಿ ಹಳೇ ಹಾಡು ಹಾಡೋರೂ ಇದ್ದರು. ಕ್ಲಬ್ 47ಕ್ಕೆ ಮಿಸಿಸಿಪಿ ಜಾನ್ ಹರ್ಟ್ ಬಂದು ಹಾಡಿದ್ದಾರೆ. ಹೊಲದಲ್ಲಿ ದುಡಿಯುತ್ತಿದ್ದ ಮನುಷ್ಯ. 1928ರಲ್ಲಿ ಹಾಡು ರೆಕಾರ್ಡ್ ಆಗಿತ್ತು, ಆಮೇಲೆ ಎಲ್ಲರೂ ಮರೆತರು. 1963ರಲ್ಲಿ ಮತ್ತೆ ಹುಡುಕಿಕೊಂಡು ಹೋದರು. ಈ ಕಾಫಿಹೌಸ್ ಹುಡುಗರು ಶೋಕಿ ಮಾಡದೇ ಇದ್ದಿದ್ರೆ ಅವರನ್ನು ಯಾರು ಕೇಳ್ತಿದ್ದರು?

ಕಂಸಾಳೆ_ಕೊಳ್ಳೇಗಾಲ
ಮೂವತ್ತೈದು ವರ್ಷ ಮರೆತು, ಆಮೇಲೆ "ಹುಡುಕಿದೆವು" ಅನ್ನೋದು. ಅವರು ಕಳೆದುಹೋಗಿರಲಿಲ್ಲ, ಅವರ ಊರಲ್ಲೇ ಇದ್ದರು. ನಮ್ಮಲ್ಲೂ ಹಾಗೇ. ಬೆಂಗಳೂರಿಂದ ಟೇಪ್‌ರೆಕಾರ್ಡರ್ ಹಿಡಿದು ಒಬ್ಬರು ಬಂದು ನಮ್ಮ ತಾತನ್ನ "ಪತ್ತೆ" ಮಾಡಿದರು. ಟೀ ಕುಡಿದರು, ಹೋದರು. ಕ್ಯಾಸೆಟ್ ಕಳಿಸ್ತೀವಿ ಅಂದರು. ಇನ್ನೂ ಬರ್ತಾ ಇದೆ.

ರಾತ್ರಿಪಾಳಿ
ಆ ಕ್ಯಾಸೆಟ್ ವಿಷಯ ಕೇಳಿ ಹೊಟ್ಟೆ ಉರೀತು.

ಆದ್ರೂ ಫೋಕ್ ಪದದ ಬಗ್ಗೆ ನನ್ನದೊಂದು ಮಾತು. ಅದನ್ನು ಜಾನಪದ ಅಂತ ಅನುವಾದ ಮಾಡಿಕೊಂಡರೆ ಅರ್ಧ ತಪ್ಪಾಗುತ್ತೆ. ಅಲ್ಲಿ ಹಳೇ ಲಾವಣಿ, ಗಣಿ ಕಾರ್ಮಿಕರ ಹಾಡು, ಚರ್ಚಿನ ಹಾಡು, ಹೊಸದಾಗಿ ಬರೆದದ್ದು ಎಲ್ಲ ಒಂದೇ ಚೀಲದಲ್ಲಿ. ನಮ್ಮ ಲೆಕ್ಕದಲ್ಲಿ ತತ್ವಪದ, ಭಾವಗೀತೆ, ಹೋರಾಟದ ಹಾಡು ಮೂರನ್ನೂ ಒಬ್ಬನೇ ಒಂದೇ ಸಂಜೆ ಹಾಡಿದ ಹಾಗೆ. ಯೂಟಾ ಫಿಲಿಪ್ಸ್ ಅಂತ ಒಬ್ಬರು ಕಫೆ ಲೀನಾವನ್ನೇ ಎಷ್ಟೋ ವರ್ಷ ಮನೆ ಮಾಡಿಕೊಂಡಿದ್ದರು. ಗೂಡ್ಸ್ ರೈಲು ಹತ್ತಿ ಊರೂರು ಅಲೆದ ಮನುಷ್ಯ, ಕಾರ್ಮಿಕ ಸಂಘದವರು. 1968ರಲ್ಲಿ ಯೂಟಾ ರಾಜ್ಯದಿಂದ ಸೆನೆಟ್‌ಗೆ ನಿಂತು ಸೋತು, ಅಲ್ಲಿ ಕೆಲಸ ಇಲ್ಲದೇ ಪೂರ್ವಕ್ಕೆ ಬಂದರು. ಹಾಡಿಗಿಂತ ಕಥೆಯೇ ಜಾಸ್ತಿ ಹೇಳ್ತಿದ್ದರು. ನಮ್ಮ ಹರಿಕಥೆ ದಾಸರು ಉಪಕಥೆಗೆ ಇಳಿದ ಹಾಗೆ. ಅವರನ್ನು ಶೋಕಿ ಅಂದ್ರೆ ನಾನು ಒಪ್ಪಲ್ಲ.

ಕಂಸಾಳೆ_ಕೊಳ್ಳೇಗಾಲ
ಸರಿ, ಆ ಮನುಷ್ಯನಿಗೆ ರಿಯಾಯಿತಿ.

ಬಾಸ್ಟನ್_ಬಸವ
ಯಾರೋ ಪಿಸುಮಾತಿಲ್ಲ ಅಂದ್ರಲ್ಲ. ನ್ಯೂಯಾರ್ಕ್‌ನ ಮೆಕ್‌ಡೂಗಲ್ ಸ್ಟ್ರೀಟ್‌ನಲ್ಲಿ ಗ್ಯಾಸ್‌ಲೈಟ್ ಅಂತ ಒಂದಿತ್ತು, ಅದೂ ನೆಲಮಾಳಿಗೆ. ಚಪ್ಪಾಳೆ ತಟ್ಟಿದರೆ ಗಾಳಿಕಿಂಡಿಯಲ್ಲಿ ಸದ್ದು ಮೇಲಿನ ಮನೆಗಳಿಗೆ ಹೋಗಿ ಜನ ಬೈತಿದ್ದರು. ಅದಕ್ಕೆ ಚಪ್ಪಾಳೆ ಬದಲು ಚಿಟಿಕೆ ಹೊಡೆಯೋ ಅಭ್ಯಾಸ ಬಂತು. ಆಮೇಲೆ ಅದೇ ಸ್ಟೈಲ್ ಆಯ್ತು.

ಕೇಂಬ್ರಿಜ್‌ನಲ್ಲಿ ಇನ್ನೂ ತಮಾಷೆ. ತಿನ್ನೋಕೆ ಕುಡಿಯೋಕೆ ಕೊಡೋ ಜಾಗದಲ್ಲಿ ಮೂರಕ್ಕಿಂತ ಜಾಸ್ತಿ ತಂತಿವಾದ್ಯ ಇರಬಾರದು ಅಂತ ಒಂದು ಹಳೇ ಕಾನೂನು ಇತ್ತು. ಪೊಲೀಸರು ಬಂದು ಕ್ಲಬ್ 47 ಮುಚ್ಚಿಸಿಬಿಟ್ಟರು. ಆಮೇಲೆ ಲಾಭವಿಲ್ಲದ ಸಂಸ್ಥೆ ಅಂತ ಮಾಡಿಕೊಂಡು ಮತ್ತೆ ತೆರೆದರು.

ಧಾರವಾಡ_ಫೇಡೆ
ಮೂರು ತಂತಿವಾದ್ಯ! ನಮ್ಮ ಕಡೆ ಒಂದು ಬೈಠಕ್‌ನ್ಯಾಗ ತಾನಪುರಾನೇ ಎರಡು ಇರ್ತಾವ. ಸಾರಂಗಿ ಬಂದ್ರ ಮೂರು ಆತು, ಸಿತಾರದವ ಬಾಗಲಾಗ ನಿಂದರಬೇಕು.

ಹೆಬ್ಬಾಳದ_ಹುಡುಗಿ
ಇದೆಲ್ಲ ಓದಿದರೆ ಹೊಟ್ಟೆಕಿಚ್ಚು ಬರುತ್ತೆ. ಬೆಂಗಳೂರಲ್ಲಿ ಯಾಕೆ ಇಂಥದ್ದಿಲ್ಲ? ನಾನು ಹೋದ ವರ್ಷ ಒಂದು ಕಫೆಯ ಓಪನ್ ಮೈಕ್‌ನಲ್ಲಿ ಶರೀಫರ ಪದ ಹಾಡಿದೆ. ಹೆಸರು ಹೇಳಲ್ಲ. ಪಲ್ಲವಿ ಮುಗಿಸಿ ಒಂದು ಕ್ಷಣ ನಿಲ್ಲಿಸಿದೆ ನೋಡಿ, ಹಾಡಿನ ಜೀವ ಇರೋದೇ ಆ ನಿಲುಗಡೆಯಲ್ಲಿ, ಸರಿಯಾಗಿ ಅದೇ ಹೊತ್ತಿಗೆ ಕಾಫಿ ಮಷೀನ್ ಬುಸ್ಸ್ಸ್ ಅಂತು. ಚರಣಕ್ಕೆ ಬಂದರೆ "ಆರ್ಡರ್ ನಂಬರ್ 62" ಅಂತ ಮೈಕಿಗಿಂತ ಜೋರಾಗಿ ಕೂಗಿದರು. ಆ 62 ಬರಲೇ ಇಲ್ಲ. ನಾಲ್ಕು ಸಲ ಕೂಗಿದರು. ಕೊನೆಗೆ ನೋಡಿದರೆ 62 ನನ್ನದೇ.

ಗಾಂಧಿಬಜಾರ್_ಗುಂಡ
😂😂 62ರಲ್ಲಿ ಏನಿತ್ತು?

ಹೆಬ್ಬಾಳದ_ಹುಡುಗಿ
ಚೀಸ್ ಟೋಸ್ಟ್. ತಣ್ಣಗಾಗಿತ್ತು.

ಮಲ್ಲೇಶ್ವರದ_ಮೊಮ್ಮಗ
ನಮ್ಮಲ್ಲಿ ಕಾಫಿಹೌಸ್ ಅಂದ್ರೆ ಮಾತು. ಎಂ.ಜಿ. ರೋಡಿನ ಇಂಡಿಯಾ ಕಾಫಿ ಹೌಸ್ ನೆನಪಿಸಿಕೊಳ್ಳಿ. ಪೇಟ ಕಟ್ಟಿದ ವೇಟರ್‌ಗಳು, ಬಿಳಿ ಕಪ್ಪು, ಒಂದು ಕಾಫಿಗೆ ಎರಡು ಗಂಟೆ ರಾಜಕೀಯ. 2009ರಲ್ಲಿ ಅಲ್ಲಿಂದ ಎಬ್ಬಿಸಿದರು, ಈಗ ಚರ್ಚ್ ಸ್ಟ್ರೀಟ್‌ನಲ್ಲಿದೆ. ಅಲ್ಲಿ ಯಾರಾದ್ರೂ ಹಾಡೋಕೆ ಶುರು ಮಾಡಿದ್ರೆ ಪಕ್ಕದ ಮೇಜಿನವರು "ಸ್ವಲ್ಪ ಮೆಲ್ಲಗೆ ಸ್ವಾಮಿ, ನಾವು ಸರ್ಕಾರ ಬೀಳಿಸ್ತಾ ಇದ್ದೀವಿ" ಅಂತಿದ್ದರು. ಹಾಡಿಗೆ ನಮಗೆ ಬೇರೆ ಜಾಗ ಇದೆ. ರಾಮನವಮಿ ಬಂದರೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನ. 1939ರಿಂದ ನಡೀತಿದೆ. ಚಪ್ಪರದ ಕೆಳಗೆ ಪಾನಕ ಕುಡಿದು ಮೂರು ಗಂಟೆ ಅಲ್ಲಾಡದೇ ಕೇಳೋರಿಲ್ವಾ?

ಹೆಬ್ಬಾಳದ_ಹುಡುಗಿ
ಅದು ದೊಡ್ಡವರು ಹಾಡೋ ಜಾಗ. ನಾನು ಹೇಳ್ತಿರೋದು ಹೆಸರಿಲ್ಲದವರ ಬಗ್ಗೆ. ಅಶ್ವಥ್ 2005ರಲ್ಲಿ ಅರಮನೆ ಮೈದಾನದಲ್ಲಿ ಹಾಡಿದಾಗ ಜನಸಾಗರ ಬಂತು, ಸರಿ. ಆದ್ರೆ ಇವತ್ತು ಒಬ್ಬಳು ಹುಡುಗಿ ಮೊದಲ ಸಲ ಹಾಡೋಕೆ, ಮೂವತ್ತು ಜನ ಬಾಯಿ ಮುಚ್ಚಿಕೊಂಡು ಕೇಳೋಕೆ ಒಂದು ಕೋಣೆ ಎಲ್ಲಿದೆ? ಕಫೆ ಲೀನಾದಲ್ಲಿ ಪ್ರತಿ ಸೋಮವಾರ ಓಪನ್ ಮೈಕ್ ಇದೆ ಅಂತ ನೋಡಿದೆ. ಯಾರು ಬೇಕಾದ್ರೂ ಹಾಡಬಹುದು. ಅಷ್ಟೇ ನಾನು ಕೇಳ್ತಿರೋದು.

ಕಂಸಾಳೆ_ಕೊಳ್ಳೇಗಾಲ
ನಮ್ಮೂರಿಗೆ ಬಾ ತಂಗಿ. ಭಜನೆಮನೆ ಇದೆ. ಶನಿವಾರ ರಾತ್ರಿ ಯಾರು ಬೇಕಾದ್ರೂ ಹಾಡಬಹುದು. ತಾಳ ತಪ್ಪಿದರೆ ಮುಖದ ಮೇಲೇ ಹೇಳ್ತಾರೆ, ಆಮೇಲೆ ಟೀ ಕೊಡ್ತಾರೆ. ನಂಬರ್ ಕೂಗಲ್ಲ.

ಹೆಬ್ಬಾಳದ_ಹುಡುಗಿ
ಅಣ್ಣ, ನಿಜವಾಗ್ಲೂ ಬರ್ತೀನಿ. ಹುಡುಗಿಯರು ಹಾಡಬಹುದಾ?

ಕಂಸಾಳೆ_ಕೊಳ್ಳೇಗಾಲ
ಇಲ್ಲಿವರೆಗೆ ಯಾರೂ ಹಾಡಿಲ್ಲ. ಬೇಡ ಅಂತ ಯಾರೂ ಹೇಳಿಲ್ಲ, ಆದ್ರೆ ಯಾರೂ ಹಾಡಿಲ್ಲ. ಕೇಳಿ ಹೇಳ್ತೀನಿ.

ಪದ್ಮಕ್ಕ_ಸ್ಕೆನೆಕ್ಟಡಿ
ಕೇಳೋಕೆ ಏನಿದೆಯಪ್ಪ? ಸುಮ್ನೆ ಕರಕೊಂಡು ಹೋಗಿ ಕೂರಿಸು.

ಲೆಕ್ಕದ_ಪುಟ್ಟಿ
ಎಲ್ಲರೂ ಎಲ್ಲೆಲ್ಲೋ ಹೋದ್ರಿ. ಮೂಲ ಪ್ರಶ್ನೆಗೆ ಬರೋಣ. ಹಳೇ ಸ್ವೆಟರ್ ಅವರೇ, ನಿಮಗೆ ಬೇಜಾರಾಗಬಹುದು. ನೀವು ಟ್ರಾಯ್‌ಗೆ ಬಂದಿದ್ದು 1989ರ ಆಗಸ್ಟ್. ಹೋಗಿದ್ದು ಚಳಿಗಾಲದಲ್ಲಿ, ಹಿಮ ಬಿದ್ದಾಗ. ಲೀನಾ ಸ್ಪೆನ್ಸರ್ ತೀರಿಕೊಂಡಿದ್ದು 1989ರ ಅಕ್ಟೋಬರ್‌ನಲ್ಲಿ. ಅದಕ್ಕೆ ಮುಂಚೆ ಅದೇ ಮೆಟ್ಟಿಲಿನಿಂದ ಬಿದ್ದಿದ್ದರು. ನಿಮ್ಮ ಮನೆಯವರು ಹೇಳೋದೇ ಸರಿ ಅನ್ಸುತ್ತೆ.

ಹಳೇ_ಸ್ವೆಟರ್
ಇದು ನನಗೆ ಗೊತ್ತಿರಲಿಲ್ಲ. ತೀರಿಕೊಂಡಿದ್ದು ಗೊತ್ತು, ತಿಂಗಳು ಗೊತ್ತಿರಲಿಲ್ಲ.

ಆದ್ರೂ ಅಕ್ಟೋಬರ್‌ನಲ್ಲೇ ಹಿಮ ಬಿದ್ದಿರಬಹುದಲ್ವಾ? ಆ ಕಡೆ ಬೇಗ ಬೀಳುತ್ತೆ.

ಪದ್ಮಕ್ಕ_ಸ್ಕೆನೆಕ್ಟಡಿ
ಅಕ್ಟೋಬರ್ ಶುರುವಲ್ಲಿ ಹಿಮ ಬಿದ್ದಿದ್ದು 1987ರಲ್ಲಿ. ನಾಲ್ಕನೇ ತಾರೀಖು, ಚೆನ್ನಾಗಿ ನೆನಪಿದೆ. ಎಲೆ ಇನ್ನೂ ಉದುರಿರಲಿಲ್ಲ, ಭಾರಕ್ಕೆ ಕೊಂಬೆಗಳು ಪಟಪಟ ಮುರಿದವು. ಪಟಾಕಿ ಹೊಡೆದ ಹಾಗೆ ರಾತ್ರಿಯೆಲ್ಲ ಸದ್ದು. ನಮಗೆ ದಿನಗಟ್ಟಲೆ ಕರೆಂಟಿಲ್ಲ. ಆದ್ರೆ ಆಗ ನೀವು ಇನ್ನೂ ತುಮಕೂರಲ್ಲಿ ಇದ್ರಿ.

ಮೊದಲ ವರ್ಷದ ಹುಡುಗರಿಗೆ ಐವತ್ತು ಡಿಗ್ರಿ ಫ್ಯಾರನ್‌ಹೀಟೂ ಹಿಮವೇ ಅನ್ನಿಸುತ್ತೆ ಬಿಡಿ. ನಮ್ಮ ಮನೆಗೆ ಊಟಕ್ಕೆ ಬರ್ತಿದ್ದ ಹುಡುಗರು ಸೆಪ್ಟೆಂಬರ್‌ನಲ್ಲೇ ಮಂಕಿ ಕ್ಯಾಪ್ ಹಾಕಿಕೊಂಡು ಬರೋರು.

ಹಳೇ_ಸ್ವೆಟರ್
ಮಂಕಿ ಕ್ಯಾಪ್ ನಾನೂ ಹಾಕ್ತಿದ್ದೆ. ಆದ್ರೆ ಹಿಮ ನಿಜ. ನಿಂತಿದ್ದ ಕಾರನ್ನು ತಳ್ಳಿದ್ದು ನೆನಪಿದೆ. ಶೂ ಒಳಗೆ ನೀರು ಹೋಗಿತ್ತು.

ಒಂದು ದಾರಿ ಇದೆ. ಆಗ ನಾನು ಅಮ್ಮನಿಗೆ ವಾರಕ್ಕೊಂದು ಏರೋಗ್ರಾಮ್ ಬರೀತಿದ್ದೆ. ಅಮ್ಮ ಈಗಿಲ್ಲ. ಆ ಕಾಗದಗಳೆಲ್ಲ ತುಮಕೂರಿನಲ್ಲಿ ಅಕ್ಕನ ಹತ್ತಿರ ಒಂದು ಹಾರ್ಲಿಕ್ಸ್ ಡಬ್ಬದಲ್ಲಿವೆ. ಕೇಳಿ ನೋಡ್ತೀನಿ.

ರಾತ್ರಿಪಾಳಿ
ಹುಡುಕಿಸಿ ಸಾರ್. ಅಷ್ಟರವರೆಗೆ ಒಂದು ಮಾಹಿತಿ. ಲೀನಾ ಹೋದ ಮೇಲೂ ಕಫೆ ಮುಚ್ಚಲಿಲ್ಲ. ಊರಿನವರು ಸೇರಿ ಲಾಭವಿಲ್ಲದ ಸಂಸ್ಥೆ ಮಾಡಿ ನಡೆಸಿದರು. ಅಲ್ಲಿ ಸಿಕ್ಕ ಹಳೇ ಟೇಪುಗಳು, ಫೋಟೋಗಳು, ಕಾಗದಪತ್ರ ಎಲ್ಲ ಒಟ್ಟು ಮಾಡಿ 2013ರಲ್ಲಿ ಮೂರು ಸಿಡಿ ಬಂತು, ಸಂಗ್ರಹ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿತು. 2016ರಲ್ಲಿ ಇಡೀ ಕಟ್ಟಡ ರಿಪೇರಿ ಆಗಿ ಲಿಫ್ಟ್ ಬಂತು. ಮೊದಲು 85 ಜನ ಕೂರೋಕೆ ಆಗ್ತಿತ್ತು, ಈಗ 110. ಕೋವಿಡ್ ಹೊತ್ತಲ್ಲಿ ಖಾಲಿ ಕೋಣೆಯಲ್ಲಿ ಹಾಡಿಸಿ ನೇರ ಪ್ರಸಾರ ಮಾಡಿದರು. ನಾನು ರಾತ್ರಿಪಾಳಿಯಲ್ಲಿ ಕಂಪ್ಯೂಟರಿನ ಒಂದು ಮೂಲೆಯಲ್ಲಿ ಹಾಕಿಕೊಂಡು ಕೇಳ್ತಿದ್ದೆ. ಹಾಗೇ ನನಗೆ ಈ ಜಾಗ ಗೊತ್ತಾಗಿದ್ದು. ಅಮೆರಿಕಕ್ಕೆ ನಾನು ಹೋಗೇ ಇಲ್ಲ.

ಪದ್ಮಕ್ಕ_ಸ್ಕೆನೆಕ್ಟಡಿ
ಲಿಫ್ಟ್ ಬಂದಿದೆಯಾ! ನನಗೆ 28 ವರ್ಷ ತಡವಾಯ್ತು.

ಈಗ ಅಲ್ಲಿ ಬಿಯರ್, ವೈನ್ ಕೊಡ್ತಾರಂತೆ. ಅದು ನನಗೆ ಅಷ್ಟು ಸರಿಬರಲಿಲ್ಲ. ಸಂಸ್ಥೆ ನಡೀಬೇಕಲ್ಲ, ಅಂತ ಮಗ ಹೇಳ್ತಾನೆ. ಇರಲಿ.

ಫಿಲ್ಟರ್_ರಾಮಣ್ಣ
ಕಾಫಿ ಬಗ್ಗೆ ಇನ್ನೂ ಯಾರೂ ಮಾತಾಡಿಲ್ಲ ಅನ್ನೋದನ್ನು ಗಮನಿಸ್ತಾ ಇದ್ದೀನಿ.

ಹಳೇ_ಸ್ವೆಟರ್
ಅಕ್ಕ ಕಾಗದ ಹುಡುಕಿದರು. ಡಬ್ಬದಲ್ಲಿ ಇರಲಿಲ್ಲ, ಅಮ್ಮನ ರಾಮಾಯಣದ ಒಳಗೆ ಇತ್ತಂತೆ. ನಿನ್ನೆ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಿದರು. ತಾರೀಖು 11 ಫೆಬ್ರವರಿ 1990. ಸುಳ್ಳು ಹೇಳೋಕೆ ಜಾಗವೇ ಇಲ್ಲ. ನನ್ನದೇ ಅಕ್ಷರ, ಇದ್ದ ಹಾಗೇ ಹಾಕ್ತಿದ್ದೀನಿ:

"ಅಮ್ಮನಿಗೆ ನಮಸ್ಕಾರ. ಇಲ್ಲಿ ಕ್ಷೇಮ. ನಿನ್ನೆ ಒಂದು ಕಡೆ ಹಾಡು ಕೇಳಲು ಹೋಗಿದ್ದೆವು. ಟಿಕೆಟ್ 6 ಡಾಲರ್. ನಮ್ಮ 100 ರೂಪಾಯಿ, ಅಪ್ಪನಿಗೆ ಹೇಳಬೇಡ. ಬಾಗಿಲಲ್ಲಿ ನನ್ನ ವಯಸ್ಸಿನ ಹುಡುಗನೊಬ್ಬ ದುಡ್ಡು ತೆಗೆದುಕೊಂಡ. ಆ ಜಾಗ ನಡೆಸುತ್ತಿದ್ದ ಹೆಂಗಸು ನಾನು ಇಲ್ಲಿಗೆ ಬಂದ ಮೇಲೆ ತೀರಿಕೊಂಡರಂತೆ. ಗೋಡೆಯ ಮೇಲೆ ಅವರ ಫೋಟೋ ಇದೆ. ನಮ್ಮ ಮೇಜಿನಲ್ಲಿದ್ದ ಮುದುಕರೊಬ್ಬರು ಪೂರ್ತಿ ಹೊತ್ತು ಅವರ ವಿಷಯವೇ ಹೇಳಿದರು. ಮೆಟ್ಟಿಲ ಹತ್ತಿರ ಕೂತಿರುತ್ತಿದ್ದರಂತೆ. ಹಾಡು ಚೆನ್ನಾಗಿತ್ತು. ಕಾಫಿ ನಮ್ಮ ಮನೆಯ ಮೂರನೇ ಡಿಕಾಕ್ಷನ್‌ನ ಹಾಗಿತ್ತು. ಸಾರಿನಪುಡಿ ಮುಗಿಯುತ್ತಾ ಬಂತು."

ಹೆಂಡತಿಗೆ ತೋರಿಸಿದೆ. ಏನೂ ಹೇಳಲಿಲ್ಲ. ಅದು ಇನ್ನೂ ಕಷ್ಟ.

ಪದ್ಮಕ್ಕ_ಸ್ಕೆನೆಕ್ಟಡಿ
ಅಯ್ಯೋ. ಆ ಮುದುಕರು ಅಷ್ಟು ಚೆನ್ನಾಗಿ ಹೇಳಿರಬೇಕು ನೋಡಿ, ನಿಮ್ಮ ಕಣ್ಣಿಗೆ ಕಟ್ಟಿಬಿಟ್ಟಿದೆ. ನೀವು ಸ್ಕೆನೆಕ್ಟಡಿ ಕಡೆ ಬಂದರೆ ಹೇಳಿ, ಒಟ್ಟಿಗೆ ಹೋಗೋಣ. ಲಿಫ್ಟ್ ಇದೆ.

ಮಲ್ಲೇಶ್ವರದ_ಮೊಮ್ಮಗ
ಬ್ಯಾಂಜೋದವರು ಯಾರು ಅಂತ ಕಾಗದದಲ್ಲಿ ಇಲ್ವಾ?

ಹಳೇ_ಸ್ವೆಟರ್
ಇಲ್ಲ. ಬ್ಯಾಂಜೋ ಅನ್ನೋ ಪದವೇ ಇಲ್ಲ. ಪುತ್ತೂರಿನ ಗೆಳೆಯನಿಗೆ ಫೋನ್ ಮಾಡಿದೆ. ಅವನು ಪಿಟೀಲು ಅಂತಾನೆ. ಈಗ ಅವನ ಜೊತೆ ಜಗಳ ಶುರುವಾಗಿದೆ.

ಫಿಲ್ಟರ್_ರಾಮಣ್ಣ
ಮೂರನೇ ಡಿಕಾಕ್ಷನ್! ನಾನು ಮೊದಲ ದಿನವೇ ಹೇಳಿದ್ದೆ. ಯಾರಾದ್ರೂ ಒಪ್ಪಿಕೊಳ್ಳಿ.

ಹೆಬ್ಬಾಳದ_ಹುಡುಗಿ
ಒಪ್ಪಿದೆ ರಾಮಣ್ಣ. ಕೊಳ್ಳೇಗಾಲದ ಅಣ್ಣ, ಶನಿವಾರದ ಬಸ್ ನೋಡ್ತಾ ಇದ್ದೀನಿ. ಕೇಳಿದ್ರಾ?

ಕಂಸಾಳೆ_ಕೊಳ್ಳೇಗಾಲ
ಕೇಳಿದೆ. ಯಾವ ಪದ ಹಾಡ್ತಾರೆ, ಯಾವ ಶ್ರುತಿ ಅಂತ ಕೇಳ್ತಿದ್ದಾರೆ. ಹಾರ್ಮೋನಿಯಂನವರಿಗೆ ಮುಂಚೆ ಹೇಳಬೇಕಂತೆ.